ಒಂದು ಬೀಡಿಗೆ ಒಂದು ಪದ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ. ಇಪ್ಪತ್ತೆಂಟು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನಿಗೆ ಸಿಟ್ಟು ಬರುವುದಿಲ್ಲ ಎಂದರೆ ಅವನ ನಾಡಿ ಹಿಡಿದು ನೋಡಬೇಕು. ಅದರಲ್ಲೂ ಮಕ್ಕಳು ನಕಲು ಮಾಡಿದ್ದನ್ನು ಕಂಡರೆ ನನಗೆ ಅಂದಿನ ಊಟ ಸೇರುವುದಿಲ್ಲ. ದಾವಣಗೆರೆಯ ಮೇಷ್ಟ್ರುಗಳಲ್ಲಿ, 'ಶಿವಮೂರ್ತಿ ಕಣ್ಣು ತಪ್ಪಿಸಿ ನಕಲು ಮಾಡಿದವನು ಇನ್ನೂ ಹುಟ್ಟಿಲ್ಲ' ಎಂಬ ಮಾತಿದೆ. ಆ ಮಾತನ್ನು ಮೊದಲು ಹೇಳಿದವನು ನಾನೇ ಇರಬಹುದು.

ಈ ಸಲ ಜನವರಿಯಲ್ಲಿ ಒಂದು ಟ್ರಸ್ಟಿನವರು ನಮ್ಮ ಜಿಲ್ಲೆಯ ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟಿದ್ದರು. ಐವತ್ತು ಅಂಕ ವ್ಯಾಕರಣಕ್ಕೆ, ಐವತ್ತು ಪದಗಳಿಗೆ. ಮೇಲಿನ ಮೂವತ್ತು ಮಕ್ಕಳಿಗೆ ಹಾಸ್ಟೆಲ್ ಸಮೇತ ಎರಡು ವರ್ಷದ ಪಿಯುಸಿ ಪೂರ್ತಿ ಉಚಿತ. ವ್ಯಾಕರಣದ ಹಾಳೆಗಳನ್ನು ಪಕ್ಕದ ಕೋಣೆಯಲ್ಲಿ ಮಾಯಕೊಂಡದ ತೋಟಪ್ಪ ಮೇಷ್ಟ್ರ ತಂಡ ತಿದ್ದುತ್ತಿತ್ತು. ಪದಗಳ ಹಾಳೆಗಳು ನನ್ನ ಮೇಜಿನ ಮೇಲಿದ್ದವು. ಐವತ್ತು ಇಂಗ್ಲಿಷ್ ಪದ ಕೊಟ್ಟಿತ್ತು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆಯಬೇಕು, ಅಷ್ಟೇ.

ಶನಿವಾರ ಮಧ್ಯಾಹ್ನ ಹರಿಹರದ ಇಬ್ಬರು ಹುಡುಗಿಯರ ಹಾಳೆಗಳು ಕೈಗೆ ಬಂದವು. ಒಂದರ ಹಿಂದೊಂದು ನಂಬರು, ಅಂದರೆ ಪರೀಕ್ಷೆಯಲ್ಲೂ ಒಬ್ಬರ ಹಿಂದೆ ಒಬ್ಬರು ಕೂತಿದ್ದವರು. ಮೊದಲ ಹಾಳೆಯಲ್ಲಿ 'ರಿಲಕ್ಟಂಟ್' ಎದುರಿಗೆ 'ಒಲ್ಲದ, ಹಿಂಜರಿಯುವ, ಮನಸ್ಸಿಲ್ಲದ' ಎಂದಿತ್ತು. ಭೇಷ್ ಅಂದುಕೊಂಡೆ. ಎರಡನೆಯದರಲ್ಲೂ 'ಒಲ್ಲದ, ಹಿಂಜರಿಯುವ, ಮನಸ್ಸಿಲ್ಲದ'. ಅದೇ ಮೂರು ಮಾತು, ಅದೇ ಸಾಲು. ನನ್ನ ಕಿವಿ ನೆಟ್ಟಗಾದವು. 'ಅಬಂಡಂಟ್' ಎದುರಿಗೆ ಇಬ್ಬರೂ 'ಹೇರಳವಾದ, ಸಮೃದ್ಧ, ಯಥೇಚ್ಛ' ಎಂದು ಬರೆದಿದ್ದರು. ಯಥೇಚ್ಛ! ಆ ಮಾತನ್ನು ಈಗಿನ ಮೇಷ್ಟ್ರುಗಳೇ ಬಳಸುವುದಿಲ್ಲ. ಐವತ್ತರಲ್ಲಿ ನಲವತ್ತಮೂರು ಹೀಗೆ ಅಕ್ಷರಕ್ಕಕ್ಷರ ಒಂದೇ. ಉಳಿದ ಏಳು ಪದಗಳ ಎದುರಿಗೆ ಇಬ್ಬರೂ ಏನೂ ಬರೆದಿಲ್ಲ, ಅವೂ ಅವೇ ಏಳು. ಅದರಲ್ಲಿ 'ನೆಗ್ಲೆಕ್ಟ್' ಇತ್ತು, 'ಮರ್ಸಿ' ಇತ್ತು, ಕೊನೆಯ ಬೆಂಚಿನ ಹುಡುಗರೂ ತಡಕಾಡಿ ಬರೆಯುವಂಥವು.

ಎರಡೂ ಹಾಳೆಗಳ ತಲೆಯ ಮೇಲೆ ಕೆಂಪಿನಲ್ಲಿ 'ನಕಲು' ಎಂದು ಬರೆದು, ಅಡಿಗೆರೆ ಎಳೆದು, ಪಕ್ಕದ ಕೋಣೆಗೆ ಹೋಗಿ ತೋಟಪ್ಪನವರಿಗೆ ತೋರಿಸಿಯೂ ಬಂದೆ. ಹಿಡಿದ ಕಳ್ಳನನ್ನು ನಾಲ್ಕು ಜನರಿಗೆ ತೋರಿಸದಿದ್ದರೆ ಪೊಲೀಸನಿಗೆ ಸಮಾಧಾನ ಎಲ್ಲಿ? ಆದರೆ ಮುಖ್ಯ ಮೌಲ್ಯಮಾಪಕರು ಹಾಳೆ ನೋಡಿ, "ಹಿಂಗೇ ತೆಗೆದು ಹಾಕಾಕ ಬರಲ್ಲ ಶಿವಮೂರ್ತಿ. ಪಟ್ಟಿ ಸೋಮವಾರ ಹೋಗ್ತೈತೆ. ನಾಳೆ ಹರಿಹರಕ್ಕೆ ಹೋಗಿ ಹುಡುಗಿಯರನ್ನ ಕೇಳಿ ನೋಡ್ರಿ. ನೀವು ಬರೆದು ಕೊಟ್ಟಿದ್ದೇ ಕೊನೆ," ಎಂದರು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ರಜೆ ಹಾಳಾಯಿತಲ್ಲ ಎಂಬ ಉರಿ ಬೇರೆ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿಯರ ಹೈಸ್ಕೂಲಿನ ಹೆಡ್ಮಾಸ್ಟರು ಫಜಲುಲ್ಲಾ ಸ್ಕೂಟರ್ ಹಿಡಿದು ಕಾದಿದ್ದರು. ಸಣಕಲು ಮನುಷ್ಯ, ಗಣಿತದವರು. ಇವರನ್ನೂ ಸ್ವಲ್ಪ ಬಿಸಿ ಮಾಡೋಣ ಎಂದು, "ಇಂಗ್ಲಿಷ್ ಯಾರು ತಗೊಳ್ತಾರ್ರಿ ನಿಮ್ಮಲ್ಲಿ? ನಕಲನ್ನೂ ಅವರೇ ಕಲಿಸಿದ್ರೋ ಹೆಂಗೆ?" ಎಂದೆ.

"ಇಂಗ್ಲಿಷ್ ಮೇಷ್ಟ್ರು ಇಲ್ದೆ ಎರಡು ವರ್ಷ ಆತು ಸರ್. ಗಣಿತದ ಜೊತಿಗೆ ನಾನೇ ಎಳೀತಿದೀನಿ. ನನ್ನ ಇಂಗ್ಲಿಷ್ ನನಗೇ ಅರ್ಥ ಆಗಲ್ಲ," ಎಂದರು ಅವರು, ನಗದೆ.

ಮೇಷ್ಟ್ರೇ ಇಲ್ಲ, ನಲವತ್ತಮೂರು ಸರಿ! ಇನ್ನೇನು ಸಾಕ್ಷಿ ಬೇಕು? ಸ್ಕೂಟರಿನ ಹಿಂದೆ ಕೂತು ಮನಸ್ಸಿನಲ್ಲೇ ವರದಿಯ ಮೊದಲ ಸಾಲು ಬರೆದುಕೊಂಡೆ. ಫಜಲುಲ್ಲಾ ಮುಂದೆ ನೋಡುತ್ತಲೇ ಮಾತು ಮುಂದುವರಿಸಿದರು. ಹುಡುಗಿಯರ ಹೆಸರು ಸಬಾ ಮತ್ತು ರೇವತಿ. ಎದುರುಬದುರು ಮನೆ. ರೇವತಿಯ ಅವ್ವ ದುರುಗವ್ವ ಕರೂರು ಕೈಗಾರಿಕಾ ಪ್ರದೇಶದ ಯಾವುದೋ ಪ್ಯಾಕಿಂಗ್ ಕಾರ್ಖಾನೆಗೆ ಕೂಲಿಗೆ ಹೋಗುತ್ತಾಳೆ, ಹತ್ತನೆಯದು ಮುಗಿದರೆ ಮಗಳನ್ನೂ ಅಲ್ಲಿಗೇ ಸೇರಿಸುವುದಾಗಿ ಹೇಳಿ ಬಂದಿದ್ದಾಳೆ. ಸಬಾಳಿಗೆ ತಂದೆತಾಯಿ ಇಲ್ಲ, ದಾದಿ, ಅಂದರೆ ಅಪ್ಪನ ತಾಯಿ, ಮಾಬೂಬೀ ಬೀಡಿ ಕಟ್ಟಿ ಸಾಕಿದ್ದಾಳೆ. "ಈ ಸೀಟು ಸಿಕ್ಕರೆ ಓದ್ತಾವೆ ಸರ್. ಇಲ್ಲಾಂದ್ರೆ ಏಪ್ರಿಲ್‌ಗೆ ಮುಗೀತು," ಎಂದರು. ಕನಿಕರಕ್ಕೆ ಅಂಕ ಕೊಡುವ ಜಾತಿಯವನಲ್ಲ ನಾನು.

ಮಾಬೂಬೀ ಮನೆ ಎಂದರೆ ಒಂದು ಕೋಣೆ, ಮುಂದೆ ಒಂದು ಜಗುಲಿ. ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಮುದುಕಿ ಬೀಡಿ ಕಟ್ಟುತ್ತಿದ್ದಳು. ನಾವು ಬಂದದ್ದು ನೋಡಿ ತಲೆ ಮೇಲೆ ಸೆರಗು ಎಳೆದುಕೊಂಡು, "ಬರ್ರಿ ಸಾಹೇಬ್ರ, ಕೂಡ್ರಿ," ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ. ಎಲೆಯ ಮೇಲೆ ಚಿಟಿಕೆ ಹೊಗೆಸೊಪ್ಪು, ಒಂದು ಸುರುಳಿ, ತುದಿಗೊಂದು ದಾರ. ಹುಡುಗಿಯರಿಬ್ಬರೂ ಗೋಡೆಗೆ ಅಂಟಿ ನಿಂತಿದ್ದರು. ರೇವತಿಯನ್ನು ಫಜಲುಲ್ಲಾ ಜೊತೆ ಎದುರು ಮನೆಗೆ ಕಳಿಸಿದೆ. ಸಬಾಳನ್ನು ನನ್ನ ಮುಂದೆ ಚಾಪೆಯ ಮೇಲೆ ಕೂರಿಸಿದೆ. ಪರೀಕ್ಷೆಯಲ್ಲಿ ಇಲ್ಲದ ಪದಗಳನ್ನೂ ಬೆರೆಸಿ ರಾತ್ರಿಯೇ ಒಂದು ಪಟ್ಟಿ ಮಾಡಿಕೊಂಡಿದ್ದೆ. ಈ ಕೆಲಸದಲ್ಲಿ ನಾನು ಪಳಗಿದವನು.

"ರಿಲಕ್ಟಂಟ್ ಅಂದ್ರೇನಮ್ಮ?"

ಹುಡುಗಿ ಚಾಪೆಯ ಅಂಚಿನ ಕಡ್ಡಿ ಕೀಳತೊಡಗಿದಳು.

"ಅಬಂಡಂಟ್?"

ಕಣ್ಣು ತುಂಬಿತು, ಮಾತು ಬರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದೆ. "ನಿನ್ನೆ ಮೊನ್ನೆ ಬರೆದದ್ದು ಇವತ್ತು ಮರೆತು ಹೋಯ್ತಾ? ಯಾರದು ನೋಡಿ ಬರೆದೆ, ಹೇಳಿಬಿಡು," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಆಗ ಬಾಗಿಲ ಬಳಿಯಿಂದ, ತಲೆ ಎತ್ತದೆ, ಮುದುಕಿ ಹೇಳಿದಳು: "ಒಲ್ಲದ. ಹಿಂಜರಿಯುವ. ಮನಸ್ಸಿಲ್ಲದ."

ನಾನು ತಿರುಗಿ ನೋಡಿದೆ.

"ಇನ್ನೊಂದು ಕೇಳಿದ್ರಲ್ರಿ, ಅದು ಹೇರಳವಾದ, ಸಮೃದ್ಧ, ಯಥೇಚ್ಛ. ಹುಡುಗಿಗೆ ಬರ್ತೈತೆ ಸಾಹೇಬ್ರ. ಹೆದರಿಕೊಂಡಾಳೆ, ಅಷ್ಟೇಯ."

ಉತ್ಪ್ರೇಕ್ಷೆ ಮಾಡುತ್ತಿಲ್ಲ. 'ಯಥೇಚ್ಛ'ದ ಛಕಾರವನ್ನು ನಮ್ಮ ಟಿವಿಯ ಹುಡುಗಿಯರಿಗಿಂತ ಚೆನ್ನಾಗಿ ಹೇಳಿದಳು. "ಅಮ್ಮಾ, ನೀವು ಎಷ್ಟು ಓದೀರಿ?" ಎಂದು ಕೇಳಿದೆ.

"ಓದಾದಾ?" ಎಂದು ನಕ್ಕಳು. "ಹೆಬ್ಬಟ್ಟು ಸಾಹೇಬ್ರ ನಾನು. ಉರ್ದುನೂ ಬರಲ್ಲ, ಕನ್ನಡಾನೂ ಬರಲ್ಲ."

"ಮತ್ತೆ ಇದು?"

"ಇವು ಎಂಟನೇ ಕ್ಲಾಸಿಗೆ ಬಂದಾಗ ರದ್ದಿ ಅಂಗಡಿಯಿಂದ ಒಂದು ಡಿಕ್ಷನರಿ ತಂದ್ವು. ಸಾಲಿ ಬಿಟ್ಟು ಬಂದು ಇಲ್ಲೇ ಕೂತು ಓದೋವು. ನನಗೆ ಕೈಗೆ ಕೆಲಸ ಇತ್ತು, ಕಿವಿ ಖಾಲಿ ಇದ್ವು. ನನ್ನ ಕಿವೀಲಿ ಹಾಕ್ರಿ, ನಾನು ಇಟ್ಕೊಂತೀನಿ ಅಂದೆ."

ಮಾಬೂಬೀ ಹೇಳಿದ್ದು ಹೀಗೆ. ಒಬ್ಬಳು ಪುಸ್ತಕ ಹಿಡಿದು ಪದ ಓದಬೇಕು, ಇನ್ನೊಬ್ಬಳು ಅರ್ಥ ಹೇಳಬೇಕು, ಮರುದಿನ ಅದಲು ಬದಲು. ಒಂದು ಬೀಡಿಗೆ ಒಂದು ಪದ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಇಪ್ಪತ್ತೈದು ಪದಕ್ಕೆ ಒಂದು ಪಾಠ. ಹೊಸ ಪುಟ ಶುರುವಾಗುವ ಮೊದಲು ಹಿಂದಿನ ದಿನದ ಪುಟವನ್ನು ಪುಸ್ತಕ ನೋಡದೆ ಒಪ್ಪಿಸಬೇಕು, ಮತ್ತು ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಬೇಕು. ಹೆಚ್ಚು ಕಡಿಮೆಯಾದರೆ ಆಕೆ ಬೀಡಿಗೆ ದಾರ ಸುತ್ತುವುದಿಲ್ಲ. ಸುರುಳಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತುಬಿಡುತ್ತಾಳೆ, ಹುಡುಗಿ ಸರಿಯಾಗಿ ಹೇಳುವ ತನಕ. ಕಟ್ಟಿದಷ್ಟಕ್ಕೇ ಕೂಲಿ ಸಿಗುವ ಹೆಂಗಸು, ಒಂದು ಮಾತಿಗಾಗಿ ಕೈ ನಿಲ್ಲಿಸಿ ಕೂರುತ್ತಿದ್ದಳು. ಮೂರು ವರ್ಷದಲ್ಲಿ ಆ ಪುಸ್ತಕ ಹೀಗೆ ಎರಡು ಸಲ ಮುಗಿದಿತ್ತು.

ನಂಬಿದೆನೇ? ಇಲ್ಲ. ಸಿಟ್ಟಿನವನಿಗೆ ಸಂಶಯ ಒಡಹುಟ್ಟಿದ್ದು. ನಾಲ್ಕು ಮಾತು ಬಾಯಿಪಾಠ ಮಾಡಿಸಿಟ್ಟಿರಬಹುದು ಅಂದುಕೊಂಡೆ. ಮಾಬೂಬೀ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳೋ ಏನೋ, "ಸಬಾ, ಸಾಹೇಬ್ರ ಕಡೆ ನೋಡಬ್ಯಾಡ. ನನ್ನ ಕೈ ನೋಡು. ಕೇಳ್ರಿ ಸಾಹೇಬ್ರ, ನಾನು ಕಟ್ತೀನಿ," ಎಂದಳು.

ಹುಡುಗಿ ಪಕ್ಕಕ್ಕೆ ತಿರುಗಿ ಕೂತಳು. ಮುದುಕಿ ಎಲೆ ತೆಗೆದುಕೊಂಡಳು.

"ಕರೇಜ್," ಎಂದೆ.

"ಧೈರ್ಯ, ಕೆಚ್ಚು, ಎದೆಗಾರಿಕೆ." ದಾರ ಸುತ್ತಿತು.

"ವೇಕಂಟ್."

"ಖಾಲಿಯಾದ, ತೆರವಾದ, ಶೂನ್ಯ." ದಾರ.

"ಕನ್ಸೀಲ್."

"ಬಚ್ಚಿಡು, ಮರೆಮಾಡು, ಅಡಗಿಸು."

ಈಗಷ್ಟೇ ಕಣ್ಣು ತುಂಬಿಕೊಂಡು ಕೂತಿದ್ದ ಹುಡುಗಿ ಇವಳೇನಾ ಎನ್ನಿಸಿತು. ಅರ್ಥ ಹೇಳುವ ಮೊದಲು ಪದವನ್ನು ತಾನೂ ಒಮ್ಮೆ ಹೇಳಿಕೊಳ್ಳುತ್ತಿದ್ದಳು; ಆ ಉಚ್ಚಾರಣೆ ಪುಸ್ತಕ ನೋಡಿ ಕಲಿತದ್ದು, ತಪ್ಪೇ ಇತ್ತು. ತರಗತಿಯಲ್ಲಾದರೆ ನಾನು ಅಲ್ಲೇ ತಡೆದು ಗದರುತ್ತಿದ್ದೆ. ಇಲ್ಲಿ ತಡೆಯಲು ಬಾಯಿ ಬರಲಿಲ್ಲ. ಬೀಡಿಯ ಓಟ ಹಾಗಿತ್ತು, ನಾನೂ ಅದರ ಹಿಂದೆ ಓಡುತ್ತಿದ್ದೆ. ಹನ್ನೆರಡೋ ಹದಿಮೂರೋ ಪದ ಆದ ಮೇಲೆ, "ಗ್ರೀಫ್," ಎಂದೆ.

"ದುಃಖ, ವ್ಯಥೆ."

"ಸರಿ," ಎಂದು ಮುಂದಿನ ಪದಕ್ಕೆ ಬಾಯಿ ತೆರೆದೆ. ಮುದುಕಿಯ ಕೈ ನಿಂತಿತ್ತು. ಸುರುಳಿ ಬೆರಳಿನಲ್ಲೇ ಇತ್ತು.

"ಸರಿ ಐತಲ್ಲಮ್ಮಾ," ಎಂದೆ.

"ಇಲ್ಲ ಸಾಹೇಬ್ರ. ನಡುವೆ ಒಂದು ಬಿಟ್ಟಾಳೆ."

ಸಬಾ ಕಣ್ಣು ಮುಚ್ಚಿ ಒಂದು ಕ್ಷಣ ಹುಡುಕಿದಳು. "ಅಳಲು! ದುಃಖ, ಅಳಲು, ವ್ಯಥೆ."

ಆಮೇಲೆ ದಾರ ಸುತ್ತಿತು.

ನಾನು ಪಟ್ಟಿ ಕೆಳಗಿಟ್ಟೆ. ಡಿಕ್ಷನರಿ ತರಿಸಿ ನೋಡಿದೆ. ರಟ್ಟು ಕಿತ್ತುಹೋಗಿ ಬೀಡಿಯ ದಾರದಿಂದಲೇ ಹೊಲಿದಿದ್ದ ಪುಸ್ತಕ. ದುಃಖ, ಅಳಲು, ವ್ಯಥೆ, ಅದೇ ಸಾಲಿನಲ್ಲಿ ಅಚ್ಚಾಗಿತ್ತು. ನಾನು ಇಂಗ್ಲಿಷ್ ಎಂ.ಎ., ನಾನು ಪಾಸು ಮಾಡಿದ ಉತ್ತರವನ್ನು ಒಂದಕ್ಷರ ಬಾರದ ಹೆಂಗಸು ಪಾಸು ಮಾಡಿರಲಿಲ್ಲ. ತುಂಬಿದ ಹೊಳೆಯ ಮುಂದೆ ನಿಂತಾಗ ಎದೆಯಲ್ಲಿ ಆಗುತ್ತದಲ್ಲ, ಹಾಗಾಯಿತು. ಈ ಮುದುಕಿಯ ತಲೆಯಲ್ಲಿ ಸಾವಿರಾರು ಪದಗಳು ಸಾಲಾಗಿ ನಿಂತಿವೆ, ಒಂದೊಂದಕ್ಕೂ ಮೂರು ಅರ್ಥ, ಒಂದನ್ನೂ ಆಕೆ ಕಣ್ಣಿಂದ ನೋಡಿಲ್ಲ. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಜಾಣರನ್ನು ಕಂಡಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ.

ಆದರೂ ಒಂದು ಮುಳ್ಳು ಉಳಿದಿತ್ತು. "ನೆಗ್ಲೆಕ್ಟ್ ಅಂದ್ರೇನು?" ಎಂದು ಕೇಳಿದೆ.

"ಅದು ಇಲ್ಲ ಸರ್," ಎಂದಳು ಸಬಾ.

"ಮರ್ಸಿ?"

"ಅದೂ ಇಲ್ಲ ಸರ್."

ಗೊತ್ತಿಲ್ಲ ಎನ್ನದೆ 'ಇಲ್ಲ' ಎನ್ನುತ್ತಾಳಲ್ಲ ಎಂದು ಪುಸ್ತಕ ತಿರುವಿದೆ. ಎಲ್ ಅಕ್ಷರ ಮುಗಿದ ಕೂಡಲೇ ಓ ಅಕ್ಷರ ಶುರುವಾಗಿತ್ತು. ನಡುವಿನ ಎಂ ಮತ್ತು ಎನ್ ಪುಟಗಳು ಹಿಡಿಗಟ್ಟಲೆ ಕಿತ್ತುಹೋಗಿದ್ದವು. ಚೀಲದಲ್ಲಿದ್ದ ಎರಡು ಉತ್ತರ ಹಾಳೆಗಳನ್ನು ತೆಗೆದು ನೋಡಿದೆ. ಖಾಲಿ ಬಿಟ್ಟ ಏಳೂ ಪದಗಳು ಎಂ ಇಲ್ಲವೇ ಎನ್ ಅಕ್ಷರದವು. ನಿನ್ನೆ ಮಧ್ಯಾಹ್ನವೆಲ್ಲ ಅವನ್ನು ದಿಟ್ಟಿಸಿ ನೋಡಿದವನು ನಾನು. ಕಳ್ಳತನವನ್ನಷ್ಟೇ ಹುಡುಕುವ ಕಣ್ಣಿಗೆ ಬೇರೆ ಏನೂ ಕಾಣುವುದಿಲ್ಲ.

"ಗೊತ್ತಿಲ್ಲದಿದ್ರೂ ಏನೋ ಒಂದು ಬರೀಬಹುದಿತ್ತಲ್ಲ? ತಪ್ಪಾದ್ರೆ ಅಂಕ ಏನೂ ಕಳೀತಿರಲಿಲ್ಲ."

"ಹಂಗೆ ಬರೆದ್ರೆ ದಾದಿ ದಾರ ಸುತ್ತಲ್ಲ ಸರ್," ಎಂದಳು.

ರೇವತಿಯನ್ನು ಕರೆಸಿದೆ. ಅವಳು ಇನ್ನೂ ಗಟ್ಟಿಗಿತ್ತಿ. ಮುದುಕಿಯ ಕೈಯನ್ನೂ ನೋಡದೆ, ನನ್ನ ಮುಖವನ್ನೇ ನೋಡುತ್ತಾ ಪಟ್ಟಿಯ ಉಳಿದ ಪದಗಳನ್ನೆಲ್ಲ ಹೇಳಿ ಮುಗಿಸಿದಳು. ಹದಿನಾಲ್ಕಕ್ಕೆ ಹದಿನಾಲ್ಕು. ಬಾಗಿಲಲ್ಲಿ ನಿಂತಿದ್ದ ಫಜಲುಲ್ಲಾ ಕರ್ಚೀಫಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ತಮ್ಮ ಶಾಲೆಯ ಮಕ್ಕಳಿಗೆ ಹೀಗೊಬ್ಬ ಮೇಷ್ಟ್ರು ಇದ್ದದ್ದು ಅವರಿಗೂ ಗೊತ್ತಿರಲಿಲ್ಲ.

ವರದಿಗೆ ಕಾಗದ ತೆಗೆದೆ. ಮಾಬೂಬೀ ಮೊರವನ್ನು ಪಕ್ಕಕ್ಕಿಟ್ಟಳು. ನಾನು ಬಂದ ಮೇಲೆ ಆಕೆಯ ಕೈ ಪೂರ್ತಿ ಖಾಲಿಯಾದದ್ದು ಅದೇ ಮೊದಲು.

"ಸಾಹೇಬ್ರ, ಒಂದು ಮಾತು ಕೇಳ್ಲಾ? ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಅಮ್ಮಾ."

"ಇವು ಹೇಳಿದ್ದು ಸರಿ ಐತೇನ್ರಿ? ಅಂದ್ರೆ, ಖರೇನಾ ಇಂಗ್ಲಿಷ್‌ನಾಗೆ ಹಂಗೇ ಐತೇನ್ರಿ?"

ನನಗೆ ಅರ್ಥವಾಗಲಿಲ್ಲ.

"ನಿನ್ನೆ ಹೇಳಿದ್ದೂ ಇವತ್ತು ಹೇಳಿದ್ದೂ ಒಂದೇನಾ ಅನ್ನೋದು ನನಗೆ ತಿಳೀತೈತೆ. ಸರಿಯಾ ತಪ್ಪಾ ಅನ್ನೋದು ನನಗೆ ಹೆಂಗೆ ತಿಳೀಬೇಕ್ರಿ? ಇವು ಮೊದಲ ದಿನಾನೇ ತಪ್ಪು ಓದಿದ್ರೆ ಆ ತಪ್ಪನ್ನೇ ನಾನು ಮೂರು ವರ್ಷ ಗಟ್ಟಿ ಮಾಡಿಸಿದಂಗಲ್ಲೇನ್ರಿ? ಯಾರನ್ನ ಕೇಳ್ಲಿ? ಯಾ ಅಲ್ಲಾ, ಯಾರಾದ್ರೂ ತಿಳಿದೋರು ಒಂದು ಸಲ ಬಂದು ಕೇಳ್ಲಿ ಅಂತ ದಿನಾ ದುವಾ ಮಾಡ್ತಿದ್ದೆ. ಇವತ್ತು ನೀವು ಬಂದ್ರಿ."

ನನ್ನನ್ನು ನೋಡಿ ಹುಡುಗಿಯರು ಹೆದರಿದ್ದರು. ನಾನು ಬರಲಿ ಎಂದು ಹಾರೈಸಿದ್ದವಳು ಈಕೆ ಒಬ್ಬಳೇ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಒಂದು ದಿನವಾದರೂ, ನಾನು ತಿದ್ದಿದ್ದು ಸರಿಯೋ ತಪ್ಪೋ ಎಂಬ ಅಳುಕು ಬಂದದ್ದಿಲ್ಲ. ಈ ತಾಯಿ ಮೂರು ವರ್ಷ ಆ ಅಳುಕನ್ನು ಹೊತ್ತುಕೊಂಡೇ ಕಲಿಸಿದ್ದಳು. ನಾಚಿಕೆಯಾಯಿತು.

ಎದ್ದು ನಿಂತೆ. ಕೂತುಕೊಂಡು ಹೇಳುವ ಮಾತಲ್ಲ ಅನ್ನಿಸಿತು. "ಅರ್ಥ ಎಲ್ಲಾ ಸರಿ ಐತಮ್ಮಾ. ಒಂದೂ ತಪ್ಪಿಲ್ಲ. ನಾನು ಕಲಿಸಿದ್ರೂ ಇಷ್ಟು ಬರ್ತಿರಲಿಲ್ಲ," ಎಂದೆ.

ಮಾಬೂಬೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಸಬಾ ಹೋಗಿ ಅವಳ ಬೆನ್ನಿಗೆ ಕೈ ಹಾಕಿದಳು, ರೇವತಿ ಕಾಲ ಬಳಿ ಕೂತಳು.

ಅಲ್ಲೇ ಚಾಪೆಯ ಮೇಲೆ ಕೂತು ವರದಿ ಬರೆದೆ. ಇಬ್ಬರು ವಿದ್ಯಾರ್ಥಿನಿಯರನ್ನು ಬೇರೆ ಬೇರೆಯಾಗಿ ಪರೀಕ್ಷಿಸಲಾಯಿತು, ಒಂದೇ ಪುಸ್ತಕದಿಂದ ಕಲಿತ ಕಾರಣ ಉತ್ತರಗಳು ಒಂದೇ ಆಗಿವೆ, ನಕಲು ನಡೆದಿಲ್ಲ, ಇಬ್ಬರ ಅಂಕಗಳನ್ನೂ ಪರಿಗಣಿಸಬೇಕು. ಮಾಬೂಬೀ, "ಏನು ಬರೆದ್ರಿ, ಓದಿ ಹೇಳ್ರಿ," ಎಂದಳು. ಓದಿದೆ. ಓದುತ್ತಾ ಮನಸ್ಸು ತುಂಬಿ ಬಂದು, ಕೊನೆಗೆ, "ನಾನು ದುಡುಕಿ ಈ ಮಕ್ಕಳ ಮೇಲೆ ಸುಳ್ಳು ಆಪಾದನೆ ಬರೆದಿದ್ದೆ, ಅದು ನನ್ನ ತಪ್ಪು," ಎಂದೂ ಸೇರಿಸಿ ಹೇಳಿದೆ.

ಆಕೆ ಕಣ್ಣು ಒರೆಸಿಕೊಂಡು, "ಇನ್ನೊಂದು ಸಲ ಓದ್ರಿ," ಎಂದಳು.

ಮತ್ತೆ ಓದಿದೆ, ಈ ಸಲ ಕಾಗದದಲ್ಲಿ ಇದ್ದಷ್ಟು.

"ಕೊನೇದು ಬಿಟ್ರಿ ಸಾಹೇಬ್ರ," ಎಂದಳು ಮಾಬೂಬೀ.

"ಕೊನೇದು ಅಂದ್ರೆ?"

"ದುಡುಕಿ ಸುಳ್ಳು ಆಪಾದನೆ ಬರೆದಿದ್ದೆ, ನನ್ನ ತಪ್ಪು, ಅಂದ್ರಲ್ರಿ ಮೊದಲ್ನೇ ಸಲ. ಎರಡ್ನೇ ಸಲ ಅದು ಬರಲಿಲ್ಲ."

ಬೈಯುವ ದನಿಯಲ್ಲ ಅದು. ಹುಡುಗಿಯರಿಗೆ ಹೇಳುವ ಹಾಗೆಯೇ ಹೇಳಿ, ಕಾಯುತ್ತಾ ಕೂತಳು. ಆ ಕಾಗದ ನಾಳೆ ಮುಖ್ಯ ಮೌಲ್ಯಮಾಪಕರ ಕೈಗೆ ಹೋಗುತ್ತದೆ, ತೋಟಪ್ಪನವರು ಓದುತ್ತಾರೆ, ಫೈಲಿನಲ್ಲಿ ಕಾಯಂ ಕೂರುತ್ತದೆ. ಶಿವಮೂರ್ತಿಯ ಕಣ್ಣಿನ ಬಗ್ಗೆ ಇದ್ದ ಮಾತಿಗೆ ಊರಿನವರೆಲ್ಲ ಸೇರಿ ಒಂದು ಬಾಲ ಕಟ್ಟುತ್ತಾರೆ. ಹುಡುಗಿಯರಿಬ್ಬರೂ ನನ್ನ ಕೈ ನೋಡುತ್ತಿದ್ದರು.

ಪೆನ್ನು ತೆಗೆದು ಆ ವಾಕ್ಯವನ್ನು, ಬಾಯಲ್ಲಿ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಬರೆದೆ. ಮೂರನೇ ಸಲ ಪೂರ್ತಿ ಓದಿದೆ. ಮಾಬೂಬೀ ತಲೆ ಬಗ್ಗಿಸಿ ಕೊನೆಯ ಮಾತಿನ ತನಕ ಕೇಳಿದಳು.

"ಈಗ ಸರಿ ಐತೆ," ಎಂದಳು.

ನಾನು ಕೆಳಗೆ ಸಹಿ ಹಾಕಿದೆ.